ಒಂದು ಮೊಳದ ಸೌದೆ

ನಮ್ಮನೆ ಬಚ್ಚಲಲ್ಲಿ ಗೀಸರ್ ಇದೆ, ಅಡುಗೆಮನೇಲಿ ಗ್ಯಾಸ್ ಇದೆ, ತಾರಸಿ ಮೇಲೆ ಸೋಲಾರ್ ಹಾಕ್ಸೋಣ ಅಂತ ಮಗ ಬೆಂಗಳೂರಿಂದ ಬಂದಾಗಲೆಲ್ಲ ರಾಗ ಎಳೀತಾನೆ. ಇಷ್ಟೆಲ್ಲ ಇದ್ದರೂ ಹಿತ್ತಲ ಹಂಡೆ ಒಲೆ ಆರಿಲ್ಲ. ಆ ಒಲೆಗೆ ಸೌದೆ ಸೀಳೋಕೆ ಅಂತ ನಾನು ತರಿಸಿದ ಕೈಮಷೀನಿನ ಕಥೆ ಇದು. ಅತ್ತೆಗೆ ಎಂಬತ್ತು ದಾಟಿದೆ. ಗೀಸರ್ ನೀರು ಮೈಗೆ ಹತ್ತಲ್ಲ, ಬಚ್ಚಲಿಂದ ಹೊರಗೆ ಬಂದ ಕೂಡಲೇ ಚಳಿ ಹಿಡಿಯುತ್ತೆ ಅನ್ನೋದು ಅವರ ತೀರ್ಮಾನ. ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ನನಗೆ 45 ಡಿಗ್ರಿ ನೀರು ಎಲ್ಲಿ ಕಾದರೂ 45 ಡಿಗ್ರಿಯೇ ಅಂತ ಗೊತ್ತು. ಹಾಗಂತ ಅತ್ತೆ ಮುಂದೆ ಥರ್ಮಾಮೀಟರ್ ಹಿಡ್ಕೊಂಡು ವಾದ ಮಾಡೋಕಾಗುತ್ತಾ? ನಿಜ ಹೇಳಬೇಕಂದ್ರೆ ನಾನೂ ಹಂಡೆ ಪಕ್ಷದವಳೇ. ಕರೆಂಟ್ ಹೋದ ಬೆಳಗ್ಗೆ ಗೀಸರ್ ಗೋಡೆಗೆ ತೂಗುಹಾಕಿದ ಡಬ್ಬ. ನೀರು ತುಂಬೋ ಹಬ್ಬದ ದಿನ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂ ಕಟ್ಟಿ ಪೂಜೆ ಮಾಡ್ತೀವಲ್ಲ, ಗೀಸರಿಗೆ ಎಲ್ಲಿ ಹೂ ಕಟ್ಟೋದು? ಇನ್ನು ಊರಹಬ್ಬಕ್ಕೆ ನೆಂಟರು ಬಂದು ಮರಿ ಕುಯ್ದರೆ, ಆ ಪಾತ್ರೆ ಗ್ಯಾಸಿನ ಒಲೆ ಮೇಲೆ ಕೂರೋದೂ ಇಲ್ಲ, ಮುದ್ದೆಗೆ ಎಸರಿಡೋಕೆ ಇನ್ನೊಂದು ಒಲೆ ಉಳಿಯೋದೂ ಇಲ್ಲ.

ನಮ್ಮದು ಪಾಂಡವಪುರದ ಕಡೆ ಊರು. ನಾಲೆ ಸೀಮೆ ಅಂದ್ರೆ ಎಲ್ಲ ಸಮೃದ್ಧಿ ಅಂದ್ಕೋತಾರೆ ಹೊರಗಿನವರು. ನೀರಿದೆ, ಕಬ್ಬಿದೆ, ಭತ್ತ ಇದೆ, ಆದರೆ ಕಾಡಿಲ್ಲ. ಉರಿಸೋಕೆ ಸಿಗೋದೆಲ್ಲ ಹಗುರದ ಸಾಮಾನು: ತೆಂಗಿನ ಗರಿ, ಮಟ್ಟೆ, ಹೊಂಬಾಳೆ, ರೇಷ್ಮೆ ಸೊಪ್ಪು ಸವರಿದ ಮೇಲೆ ಉಳಿಯೋ ಕಡ್ಡಿ. ಆಲೆಮನೆಯವರು ರಸ ಹಿಂಡಿ ಉಳಿದ ಕಬ್ಬಿನ ರಚ್ಚನ್ನೇ ಒಣಗಿಸಿ ಉರಿಸ್ತಾರೆ, ಅವರಿಗೆ ಬೇಕಿರೋದು ಭಗ್ಗನೆ ಏಳೋ ಉರಿ. ಹಂಡೆಗೆ ಬೇಕಿರೋದು ಕೆಂಡ. ಬೆಳಗ್ಗೆ ಐದಕ್ಕೆ ಹಚ್ಚಿದ ಒಲೆ, ಕೊನೇ ಸ್ನಾನದವರಿಗೂ ನೀರು ಬಿಸಿಯಾಗಿರಬೇಕು ಅಂದ್ರೆ ಜಾಲಿ, ಬೇವು, ಹೊಂಗೆಯಂಥ ಗಟ್ಟಿ ಸೌದೆಯೇ ಆಗಬೇಕು. ಸ್ವಂತ ಜಮೀನಿನ ಮರವಾದರೂ ಕಡಿಯೋಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ನಮ್ಮನೆಗೆ ಬರೋದು ಹೆಚ್ಚಾಗಿ ಬದುವಿನ ಮೇಲೆ ಸವರಿದ ಕೊಂಬೆ, ಮಳೆಗಾಳಿಗೆ ಮುರಿದುಬಿದ್ದದ್ದು, ಅಪರೂಪಕ್ಕೆ ಡಿಪೋದಿಂದ ತರಿಸಿದ ಸರ್ವೆ.

ಸೌದೆಗೆ ಬರ ಇರಲಿಲ್ಲ. ಬರ ಇದ್ದದ್ದು ಅದನ್ನ ಒಡೆಯೋರಿಗೆ. ನಮ್ಮ ಬೀದಿಗೆಲ್ಲ ಸೌದೆ ಒಡೆದುಕೊಡ್ತಾ ಇದ್ದವರು ಒಬ್ಬರೇ, ಎಲ್ಲರೂ ಅವರನ್ನ ದೊಡ್ಡಯ್ಯ ಅಂತೀವಿ. ಸುಗ್ಗಿ ಮುಗಿದ ಮೇಲೆ ಕೊಡಲಿ, ಎರಡು ಕಬ್ಬಿಣದ ಬೆಣೆ, ಒಂದು ಸಮ್ಮಟಿಗೆ ಹಿಡ್ಕೊಂಡು ಬರೋರು. ಗಾಡಿ ಲೆಕ್ಕದಲ್ಲಿ ಕೂಲಿ, ಮಧ್ಯಾಹ್ನ ಊಟ, ಎರಡು ಸಲ ಕಾಫಿ. ಅವರಿಗೆ ಈಗ ರಟ್ಟೇಲಿ ಶಕ್ತಿ ಇಲ್ಲ. ಮಕ್ಕಳಲ್ಲಿ ಒಬ್ಬ ಮೈಸೂರಲ್ಲಿ ಆಟೋ ಓಡಿಸ್ತಾನೆ, ಇನ್ನೊಬ್ಬ ಫ್ಯಾಕ್ಟರಿಗೆ ಹೋಗ್ತಾನೆ. ಬೇರೆ ಹುಡುಗರನ್ನ ಕೇಳಿದ್ರೆ "ಬತ್ತೀನಿ ಬುಡಿ ಟೀಚರಮ್ಮ" ಅಂತಾರೆ. ಬರೋದು ಅವರಿಗೆ ದುಡ್ಡಿನ ಮುಗ್ಗಟ್ಟು ಬಂದಾಗ. ನಮ್ಮ ಯಜಮಾನರಿಗೆ ಸೊಂಟದ ಡಿಸ್ಕ್ ತೊಂದರೆ, ಬಗ್ಗಿ ಏನೂ ಎತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ. ಮಗ ರಜೆಗೆ ಬಂದಾಗ ಕೊಡಲಿ ಹಿಡೀತಾನೆ, ಸಂಜೆ ಅಂಗೈ ಬೊಬ್ಬೆ ತೋರಿಸ್ತಾನೆ. ನಾನು ಕೊಡಲಿ ಮುಟ್ಟಿದ್ರೆ ಅತ್ತೆ ಒಳಗಿಂದಲೇ ಕೂಗೋರು: "ಮನೇಲಿ ಗಂಡಸ್ರು ಇಲ್ವಾ?" ಇದ್ದಾರೆ, ಅದೇ ತೊಂದರೆ. ಹಿತ್ತಲಲ್ಲಿ ಎದೆಮಟ್ಟ ದಿಮ್ಮಿ ಬಿದ್ದಿರೋದು, ಒಲೆ ಮುಂದೆ ಕೂತ ನಾನು ತೆಂಗಿನ ಗರಿ ತುರುಕ್ತಾ ಇರೋದು. ಹೆಂಗಸರು ದಿನಾ ಉರಿಸೋ ವಸ್ತು, ಆದರೆ ಅದು ಉರಿಸೋ ಹಾಗಾಗಬೇಕಾದ್ರೆ ಯಾವನೋ ಒಬ್ಬ ಗಂಡಸಿಗೆ ಬಿಡುವಾಗಬೇಕು. ಈ ಕಾಯೋದು ನನಗೆ ಸಾಕಾಗಿತ್ತು.

ಅದಕ್ಕೇ ಸೌದೆ ಸೀಳೋಕೆ, ಕೈಯಲ್ಲಿ ಒತ್ತೋ ಹೈಡ್ರಾಲಿಕ್ ಮಷೀನು, ಅಂದ್ರೆ ಎಣ್ಣೆ ಒತ್ತಡದಲ್ಲಿ ನಡೆಯೋದು, ತರಿಸಿದ್ದು. ಕರೆಂಟಿಲ್ಲ, ಪೆಟ್ರೋಲಿಲ್ಲ. ನೋಡೋಕೆ ಬಹಳ ಸಾದಾ: ನೆಲಕ್ಕೆ ಮಲಗಿರೋ ಕಬ್ಬಿಣದ ಹಲಗೆ, ಅದರ ಒಂದು ತುದೀಲಿ ನೆಟ್ಟಗೆ ನಿಂತ ಬೆಣೆ, ಇನ್ನೊಂದು ತುದೀಲಿ ಎಣ್ಣೆ ತುಂಬಿದ ಸಿಲಿಂಡರು. ನಡುವೆ ಸೌದೆ ಮಲಗಿಸಬೇಕು. ಹಿಡಿಕೆ ಎರಡು. ಒಂದು ಒತ್ತಿದ್ರೆ ಸಿಲಿಂಡರಿನ ದಂಡ ಬೇಗ ಬೇಗ ಮುಂದೆ ಬಂದು ಸೌದೆಗೆ ತಾಗುತ್ತೆ, ಆದರೆ ಬಲ ಕಮ್ಮಿ. ತಾಗಿದ ಮೇಲೆ ಇನ್ನೊಂದು ಹಿಡಿಕೆ, ಅದರಲ್ಲಿ ನಿಧಾನ ಜಾಸ್ತಿ, ಬಲವೂ ಜಾಸ್ತಿ. ಸೀಳಿದ ಮೇಲೆ ವಾಲ್ವ್ ತಿರುಪು ಸಡಿಲಿಸಿದ್ರೆ ಸ್ಪ್ರಿಂಗು ದಂಡವನ್ನ ಹಿಂದಕ್ಕೆ ಎಳ್ಕೊಳ್ಳುತ್ತೆ. 10 ಟನ್ ಅಂತ ಬರೆದಿದೆ. ಲಾರಿಗೆ ಪಂಕ್ಚರ್ ಆದಾಗ ಡ್ರೈವರು ಚಾಸಿ ಕೆಳಗೆ ಇಡ್ತಾನಲ್ಲ, ಆ ಜ್ಯಾಕಿನ ದೊಡ್ಡಣ್ಣ ಇದು.

ಈ ಪಾಠ ನಾನು ಎಷ್ಟು ಬ್ಯಾಚಿಗೆ ಮಾಡಿದ್ದೀನೋ. ಮೆಡಿಕಲ್ ಸ್ಟೋರಿಂದ 2 ಎಂ.ಎಲ್. ಸಿರಿಂಜು ಒಂದು, 20 ಎಂ.ಎಲ್. ಸಿರಿಂಜು ಒಂದು, ನಡುವೆ ಡ್ರಿಪ್ ಹಾಕೋ ನಳಿಕೆ, ಒಳಗೆ ಬಣ್ಣದ ನೀರು. ಸಣ್ಣದನ್ನ ಒಬ್ಬ ಹುಡುಗಿ ಕೈಗೆ, ದೊಡ್ಡದನ್ನ ಕ್ಲಾಸಿನ ಪೈಲ್ವಾನನ ಕೈಗೆ ಕೊಟ್ಟು "ಒತ್ರಪ್ಪಾ" ಅಂದ್ರೆ ಪ್ರತಿ ಸಲ ಪೈಲ್ವಾನನೇ ಸೋಲೋನು. ಮುಚ್ಚಿದ ದ್ರವಕ್ಕೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತೆ ಅಂತ 17ನೇ ಶತಮಾನದಲ್ಲಿ ಪ್ಯಾಸ್ಕಲ್ ಹೇಳಿದ್ದು ಇದನ್ನೇ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದನ್ನ ಯಂತ್ರ ಮಾಡಿ ಪೇಟೆಂಟ್ ತಗೊಂಡಿದ್ದು 1795ರಲ್ಲಿ, ಇಲ್ಲಿ ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳ್ತಿದ್ದ ಕಾಲ. ಲೆಕ್ಕ ಹೀಗೆ: ಒಳಗಿನ ಸಣ್ಣ ಪಿಸ್ಟನ್ನಿನ ಅಡ್ಡಳತೆ 1 ಸೆಂ.ಮೀ., ದೊಡ್ಡದರದ್ದು 4 ಸೆಂ.ಮೀ. ಅಂತಿಟ್ಕೊಳ್ಳಿ. ಅಡ್ಡಳತೆ ನಾಲ್ಕು ಪಟ್ಟಾದ್ರೆ ವಿಸ್ತೀರ್ಣ 16 ಪಟ್ಟು. ಹಿಡಿಕೆ ಸನ್ನೆಗೋಲಿನ ಥರ 15 ಪಟ್ಟು ಕೊಡುತ್ತೆ ಅನ್ನೋಣ. ನಾನು 25 ಕೆ.ಜಿ. ಬಲ ಹಾಕಿ ಒತ್ತಿದ್ರೆ 375, ಅದಕ್ಕೆ 16ರ ಗುಣಾಕಾರ, 6,000 ಕೆ.ಜಿ. ಘರ್ಷಣೆಗೆ ಸ್ವಲ್ಪ ಹೋಗುತ್ತೆ, ಹೋಗಲಿ. ಐದಡಿ ಎತ್ತರದ ಹೆಂಗಸು ಸೀರೆ ಸೆರಗು ಸಿಕ್ಕಿಸ್ಕೊಂಡು 5-6 ಟನ್ ತಳ್ತಾಳೆ. ಪುಕ್ಕಟೆ ಅಲ್ಲ ಅನ್ನೋದನ್ನ ಮಕ್ಕಳಿಗೆ ಒತ್ತಿ ಹೇಳ್ತಿದ್ದೆ: ಸಣ್ಣ ಪಿಸ್ಟನ್ 2 ಸೆಂ.ಮೀ. ಓಡಿದ್ರೆ ದೊಡ್ಡದು ಬರೋದು ಒಂದೂಕಾಲು ಮಿಲಿಮೀಟರು. ಬಲದಲ್ಲಿ ಗೆದ್ದಿದ್ದನ್ನ ದೂರದಲ್ಲಿ ಕೊಡಬೇಕು. ಆಗ ಬೋರ್ಡಿನ ಮೇಲೆ ಬರೆದದ್ದು, ಈಗ ತೋಳು ಲೆಕ್ಕ ಇಡ್ತಾ ಇದೆ.

ನಿಧಾನ ಅಂತ ಬಯ್ಯೋರು ಇದ್ದಾರೆ, ಬಯ್ಯಲಿ. ಗಟ್ಟಿಮುಟ್ಟಾದ ಆಳು ನೆಟ್ಟಗಿರೋ ಬೇವಿನ ತುಂಡನ್ನ ಎರಡೇಟಿಗೆ ಎರಡು ಮಾಡ್ತಾನೆ, ನಾನು ಅಷ್ಟೊತ್ತಿಗೆ ಇನ್ನೂ ದಂಡ ತಾಗಿಸ್ತಾ ಇರ್ತೀನಿ. ಆದರೆ ಕೊಡಲಿ ಕೆಲಸ ಶುರು ಮಾಡಿದ್ರೆ ದಿನವೇ ಬೇಕು, ಮೈಯೇ ಬೇಕು. ಇದನ್ನ ಸಾರಿಗೆ ಬೇಳೆ ಬೇಯೋ ಹೊತ್ತಲ್ಲಿ ನಾಲ್ಕು ತುಂಡು ಸೀಳಿ ನಿಲ್ಲಿಸಬಹುದು. ಅರ್ಧಕ್ಕೆ ಬಿಟ್ಟು ಫೋನ್ ತಗೊಂಡು ಬರಬಹುದು, ಸೌದೆ ಕಚ್ಚಿದಲ್ಲೇ ಕಚ್ಕೊಂಡಿರುತ್ತೆ. ನನಗೆ ಬೇಕಿದ್ದದ್ದು ಅದೇ.

ಕೊಳ್ಳೋರೆಲ್ಲ ಟನ್ ಎಷ್ಟು ಅಂತ ಕೇಳ್ತಾರೆ. ಕೇಳಬೇಕಿರೋದು ಉದ್ದ ಎಷ್ಟು ಅಂತ. ನನ್ನದರಲ್ಲಿ 45 ಸೆಂ.ಮೀ. ಮೇಲೆ ಹಿಡಿಯಲ್ಲ. ಸರಿಯಾಗಿ ಒಂದು ಮೊಳ. ನಮ್ಮ ಹಂಡೆ ಒಲೆ ಬಾಯಿ ಎರಡು ಮೊಳದ ಸೌದೆಗೆ ಕಟ್ಟಿದ್ದು. ತುದಿಗೆ ಉರಿ ಹತ್ತಿಸಿ ಉರಿದ ಹಾಗೆ ಒಳಗೆ ತಳ್ತಾ ಹೋಗೋದು ಅಭ್ಯಾಸ. ಮರ ಕುಯ್ಯೋ ಮಿಷನ್ನಿನ ಹುಡುಗನೂ ಅದೇ ಅಳತೆಗೆ ಕುಯ್ತಾನೆ. ಮೊಳಕ್ಕೆ ಕುಯ್ಯಪ್ಪಾ ಅಂದ್ರೆ "ಡಬಲ್ ಕಟಿಂಗ್ ಆಯ್ತದೆ ಟೀಚರಮ್ಮ, ಪೆಟ್ರೋಲ್ ಯಾರ್ ಕೊಡ್ತಾರೆ" ಅಂತ ಗೊಣಗ್ತಾನೆ. ಕೊಡ್ತೀನಿ. ಜೊತೆಗೆ ಒಂದು ಬಿದಿರು ಕಡ್ಡೀನ ಮೊಳಕ್ಕೆ ಎರಡು ಬೆರಳು ಕಮ್ಮಿ ಮಾಡಿ ಕತ್ತರಿಸಿ ಅವನ ಕೈಗೇ ಕೊಡ್ತೀನಿ, ಇದನ್ನಿಟ್ಟು ಗುರುತು ಮಾಡ್ಕೋ ಅಂತ. ಆ ಎರಡು ಬೆರಳು ಕಮ್ಮಿ ಯಾಕಂದ್ರೆ ತುದಿ ಓರೆಯಾಗಿ ಕುಯ್ದಿದ್ರೂ ಮಷೀನಲ್ಲಿ ಕೂರಲಿ ಅಂತ. ಓರೆ ತೀರಾ ಜಾಸ್ತಿ ಇದ್ರೆ ಮಾತ್ರ ಒಳ್ಳೇದಲ್ಲ. ದಂಡ ಒಂದು ಮೂಲೆಗೆ ಒತ್ತಿ ಸೌದೆ ಪಕ್ಕಕ್ಕೆ ಎಗರುತ್ತೆ. ಅಡ್ಡಡ್ಡ ಇಟ್ಟು ಕತ್ತರಿಸೋಕೆ ಹೋಗೋದಂತೂ ಬೇಡವೇ ಬೇಡ. ಇದು ಎಳೆ ಹಿಡಿದು ಸೀಳೋ ಯಂತ್ರ, ಎಳೆ ಕತ್ತರಿಸೋದಲ್ಲ.

ಇನ್ನು ಮರಗಳ ವಿಷಯ, ನನಗೆ ಬಹಳ ಇಷ್ಟದ ವಿಷಯ. ಬೇವು, ಹೊಂಗೆ, ಮಾವು ಮಾತು ಕೇಳ್ತವೆ. ಸರ್ವೆ ಭಾರ, ಗಟ್ಟಿ, ಆದರೆ ಎಳೆ ನೆಟ್ಟಗೆ, ಹಸಿ ಇದ್ದಾಗಲೇ ಸೀಳಿದ್ರೆ ಚೆಂದ. ಉರಿಯಲ್ಲಂತೂ ಅದಕ್ಕೆ ಸಾಟಿ ಇಲ್ಲ, ಅರೆಬರೆ ಒಣಗಿದ್ರೂ ಉರಿಯುತ್ತೆ. ನೀಲಗಿರಿ ಹಸಿಯಲ್ಲಿ ಪರವಾಗಿಲ್ಲ. ಒಣಗಿದ ಮೇಲೆ ಎಳೆ ಹುರಿ ಹಾಕ್ಕೊಂಡ ಹಾಗೆ ಬಿಗಿಯುತ್ತೆ, ಆಮೇಲೆ ಬಡಿದಾಡಬೇಕು. (ಈ ಮರವನ್ನ ನಮ್ಮ ಸೀಮೆಗೆ ತಂದದ್ದೂ ಟಿಪ್ಪು ಕಾಲದಲ್ಲೇ, 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ನೆಟ್ಟದ್ದು ಅಂತಾರೆ.) ತೆಂಗಿನ ಬೊಡ್ಡೆ ಬೇರೆಯೇ ಜಾತಿ. ಅದರಲ್ಲಿ ವರ್ಷದ ಉಂಗುರ ಇಲ್ಲ, ಬಿರುಕು ಓಡೋಕೆ ದಾರಿ ಇಲ್ಲ. ಬೆಣೆ ಒಳಗೆ ಹೋಗುತ್ತೆ, ನಾರು ನಾರಾಗಿ ಹಿಸಿಯುತ್ತೆ, ಬಾಯಿ ಬಿಡಲ್ಲ. ಅದನ್ನ ಮಷೀನಿಗೆ ಕೊಡೋದು ಎರಡೂ ಕಡೆಗೆ ಅನ್ಯಾಯ.

ಹುಣಸೆ? ಮಂಡ್ಯದ ಯಾವ ಮಟನ್ ಅಂಗಡಿಗಾದ್ರೂ ಹೋಗಿ ನೋಡಿ, ಮಾಂಸ ಕಡಿಯೋ ಕೊರಡು ಹುಣಸೆಯದ್ದೇ. ದಿನವಿಡೀ ಮಚ್ಚಿನೇಟು ತಿಂದ್ರೂ ಸೀಳಲ್ಲ ಅಂತಲೇ ಅದನ್ನ ಆರಿಸಿದ್ದು. ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರ್ತವೆ. ಅಂಥ ಮರವನ್ನ ತಂದು ಸೀಳು ಅಂದ್ರೆ ಸೀಳುತ್ತಾ? ಮಳೆಗಾಲದಲ್ಲಿ ಹೊಲದ ಹುಣಸೆ ಕೊಂಬೆ ಮುರಿದುಬಿದ್ದಾಗ ತೊಡೆ ಗಾತ್ರದ್ದನ್ನೆಲ್ಲ ಸೀಳಿದೆ, ಕವಲು ಬಂದ ಗಂಟಿನ ತುಂಡುಗಳನ್ನ ಪಕ್ಕಕ್ಕಿಟ್ಟೆ. ಅವು ಈಗ ಹಿತ್ತಲಲ್ಲಿ ಕೂರೋಕೆ ಮಣೆ.

ಕರಿಜಾಲಿ ಸೀಳೋದನ್ನ ಮಾತ್ರ ಹತ್ತಿರ ಕೂತು ನೋಡಬೇಕು. ತೊಗಟೆ ಕಪ್ಪು, ಒಡೆದ ನೆಲದ ಹಾಗೆ ಬಿರುಕು ಬಿರುಕು. ಬೆಣೆ ತಾಗಿದ ಮೊದಲಿಗೆ ಏನೂ ಆಗಲ್ಲ. ಹಿಡಿಕೆ ಬಿಗಿಯಾಗ್ತಾ ಬರುತ್ತೆ. ಅಂಗೈಯಿಂದ ಮೊಣಕೈವರೆಗೆ ಆ ಬಿಗಿ ಗೊತ್ತಾಗುತ್ತೆ. ಆಮೇಲೆ ಒಳಗೆಲ್ಲೋ ಚಿಟ್ ಅಂತ ಒಂದು ಸದ್ದು. ಕೂದಲೆಳೆಯಷ್ಟು ಗೆರೆ ಬೆಣೆ ಬಾಯಿಂದ ಹೊರಟು ತುದಿಯ ಮೇಲೆ ನಿಧಾನ ಹರಿಯುತ್ತೆ, ಬಿಳೀ ಹೊರಪದರ ದಾಟಿ ಕೆಂಪು ಚೇಗಿನ, ಅಂದ್ರೆ ಮರದ ನಡುವಿನ ಗಟ್ಟಿ ಭಾಗದ, ಹತ್ತಿರ ಬಂದು ನಿಲ್ಲುತ್ತೆ. ಅಲ್ಲಿ ನಾನೂ ನಿಲ್ತೀನಿ. ಒಂದು ಉಸಿರು ಬಿಟ್ಟು ಮತ್ತೆ ಒತ್ತಿದ್ರೆ ಚೇಗು ಟಪ್ ಅಂತ ಬಿಡುತ್ತೆ, ಎರಡು ಹೋಳೂ ಅತ್ತಿತ್ತ ಹೊರಳ್ತವೆ. ಒಳಮೈ ಒದ್ದೆ ಇಟ್ಟಿಗೆ ಬಣ್ಣ, ಮೂಗಿಗೆ ಒಗರು ವಾಸನೆ. ಕೆಲವು ತುಂಡಲ್ಲಿ ಹುಳ ಕೊರೆದ ಸುರಂಗ ಇರುತ್ತೆ, ಬಿಳೀ ಮರಿಹುಳ ಬೆಳಕಿಗೆ ಮುದುಡಿಕೊಳ್ಳುತ್ತೆ. ನಮ್ಮ ಕೋಳಿಗಳಿಗೆ ಈ ಸಂಗತಿ ಗೊತ್ತಾಗಿಹೋಗಿದೆ. ಹಿಡಿಕೆ ಕಿರ್ ಅಂದ ಕೂಡಲೇ ಸುತ್ತ ಬಂದು ನಿಲ್ತವೆ.

ದೊಡ್ಡಯ್ಯ ಇದನ್ನ ನೋಡೋಕೆ ಅಂತಲೇ ಒಂದು ಸಂಜೆ ಬಂದ್ರು. ಕೋಲೂರಿ ಕಲ್ಲಿನ ಮೇಲೆ ಕೂತು, ನಾನೊಂದು ತುಂಡು ಸೀಳಿ ಮುಗಿಸೋತನಕ ಬಾಯಿ ಬಿಡಲಿಲ್ಲ. ಆಮೇಲೆ, "ಇದು ಒಡೀತಾ ಇಲ್ಲ ಕಣ್ ಟೀಚರವ್ವ, ಹಿಂಡ್ತಾ ಅದೆ" ಅಂದ್ರು. ಬೈಗುಳವೋ ಮೆಚ್ಚುಗೆಯೋ ತಿಳೀಲಿಲ್ಲ. ಎದ್ದುಬಂದು ಮುಂದಿನ ತುಂಡನ್ನ ತಾವೇ ತಿರುಗಿಸಿ ಇಟ್ರು. "ಬಿಸಿಲಿಗೆ ಬಿಟ್ಟಿರೋ ಬಿರುಕು ನೋಡಿ, ಅದು ಎತ್ಲಾಗದೆ ಅತ್ಲಾಗೆ ಬೆಣೆ ಬರ್ಬೇಕು. ಗಂಟನ್ನ ಬೆಣೆ ಎದುರ್ಗೆ ಇಕ್ಬ್ಯಾಡಿ, ಪಕ್ಕಕ್ಕೆ ಬುಡಿ. ದಪ್ಪಂದು ಆದ್ರೆ ನಡೂಕೆ ಹೋಗ್ಬ್ಯಾಡಿ, ಸುತ್ತ ಅಂಚಿಂದ ಬುಡಿಸ್ಕಂಡ್ ಬನ್ನಿ." ಮಷೀನಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ, ಅದರಲ್ಲಿರೋದು ಬರೀ ಚಿತ್ರ ಮತ್ತು ಎಚ್ಚರಿಕೆ. ಕೊಡಲಿ ಹಿಡಿದ ಕೈಗೆ ತಿಳಿದದ್ದು ಈ ಮಷೀನಿಗೂ ಹಾಗೇ ಹೊಂದುತ್ತೆ, ಮರ ಅದೇ ತಾನೇ. ಅವತ್ತಿಂದ ತುಂಡನ್ನ ತುದಿ ಮೇಲೆ ಮಾಡಿ, ಬಿರುಕು ಹುಡುಕದೆ ನಾನು ಮಲಗಿಸೋದೇ ಇಲ್ಲ. ಅವರಿಗೆ ಹಳೇ ಲೆಕ್ಕದಲ್ಲಿ ಕಾಫಿ ಆಯ್ತು, ಕೂಲಿ ಕೊಡೋಕೆ ಹೋದ್ರೆ "ಮಾತಿಗೆಂತ ಕೂಲಿ" ಅಂದು ಎಲೆ ಅಡಿಕೆ ಮಾತ್ರ ಇಸ್ಕೊಂಡ್ರು.

ಯಾಕೆ ಸೀಳಬೇಕು, ಇಡೀ ಕೊಂಬೇನೇ ಒಲೆಗೆ ಹಾಕಬಹುದಲ್ಲ ಅಂತ ಕೇಳೋರಿಗೆ ಒಂದು ಲೆಕ್ಕ ಹೇಳ್ತೀನಿ. ಆಗತಾನೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಒಲೆ ಮೊದಲು ಆ ನೀರನ್ನ ಆವಿ ಮಾಡಬೇಕು. ಒಂದು ಲೀಟರ್ ನೀರನ್ನ ಕುದಿಸಿ ಪೂರ್ತಿ ಆವಿ ಮಾಡೋಕೆ ಹಿಡಿಯೋ ಶಾಖದಲ್ಲಿ 20 ಲೀಟರಿನ ಬಕೆಟ್ ಒಂದೂವರೆ ಸ್ನಾನಕ್ಕೆ ಹದವಾಗಿ ಕಾಯುತ್ತೆ. ಅಂದ್ರೆ ಹಸಿ ಸೌದೆ ಉರಿಸೋರು ಅತ್ತೆಯ ಸ್ನಾನದ ನೀರನ್ನ ಹೊಗೆಗೂಡಿನಲ್ಲಿ ಹೊರಗೆ ಕಳಿಸ್ತಾ ಇರ್ತಾರೆ, ಕಣ್ಣುರಿ ಬೇರೆ. ದುಂಡು ಕೊಂಬೆಗೆ ತೊಗಟೆ ಕವಚ, ನೀರು ಹೋಗೋದು ಹೆಚ್ಚಾಗಿ ಎರಡು ತುದಿಯಿಂದ. ಸೀಳಿದ್ರೆ ಇಡೀ ಹೊಟ್ಟೆ ಗಾಳಿಗೆ ಬಿಚ್ಕೊಳ್ಳುತ್ತೆ. ನೀರಿನಂಶ 20 ಪರ್ಸೆಂಟಿಗಿಂತ ಕೆಳಗಿಳಿದ ಸೌದೆ ಎರಡು ತುಂಡನ್ನ ತಟ್ಟಿ ನೋಡಿದ್ರೆ ಠಣ್ ಅನ್ನುತ್ತೆ, ಹಸೀದು ಧಪ್ ಅನ್ನುತ್ತೆ. ಮಾಘ, ಫಾಲ್ಗುಣದಲ್ಲಿ ಸೀಳಿ ಒಟ್ಟಿದ್ರೆ ಮುಂಗಾರಿನ ಹೊತ್ತಿಗೆ ತಯಾರು. ಒಟ್ಟೋವಾಗ ಕೆಳಗೆ ಸೈಜುಗಲ್ಲು ಹಾಕಬೇಕು, ಇಲ್ಲ ಅಂದ್ರೆ ಗೆದ್ದಲು ನಮಗಿಂತ ಮೊದಲು ಒಲೆ ಹಚ್ಚುತ್ತೆ. ಕೈ ಹಾಕೋ ಮುಂಚೆ ಕೋಲಲ್ಲಿ ತಟ್ಟಿ, ಚೇಳು ಇರುತ್ತೆ.

ಮಷೀನಿನ ಆರೈಕೆ ಜಾಸ್ತಿ ಏನಿಲ್ಲ, ಇರೋದೆಲ್ಲ ಎಣ್ಣೆಯದ್ದು. ಹೈಡ್ರಾಲಿಕ್ ಆಯಿಲ್ಲೇ ಹಾಕಬೇಕು, ಟ್ರಾಕ್ಟರ್ ಬಿಡಿಭಾಗದ ಅಂಗಡೀಲಿ 32 ಅಥವಾ 46ನೇ ಗ್ರೇಡಿಂದು ಸಿಗುತ್ತೆ, ಯಾವುದು ಅಂತ ನಿಮ್ಮ ಮಷೀನಿನ ಪುಸ್ತಕ ನೋಡಿ. ನಮ್ಮ ಬೀದಿ ಹುಡುಗನೊಬ್ಬ ವೆಲ್ಡಿಂಗ್ ಶಾಪಲ್ಲಿ ಲಾರಿ ಜ್ಯಾಕ್ ಇಟ್ಟು ಇದೇ ಥರದ್ದು ಮಾಡಿಸ್ಕೊಂಡ. ಉಪಾಯ ಒಳ್ಳೇದೇ, ಆದರೆ ಎಣ್ಣೆ ಕಮ್ಮಿ ಆದಾಗ ಮನೇಲಿದ್ದ ಬ್ರೇಕ್ ಆಯಿಲ್ ಸುರಿದ. ಅದು ರಬ್ಬರ್ ಸೀಲನ್ನ ತಿಂದುಹಾಕುತ್ತೆ. ಇನ್ನೊಂದು, ನೆಟ್ಟಗೆ ನಿಲ್ಲಿಸೋ ಜ್ಯಾಕನ್ನ ಮಲಗಿಸಿ ಕೂರಿಸೋದಾದ್ರೆ ಪಂಪಿನ ಭಾಗ ಕೆಳಗಿರಬೇಕು. ಮೇಲಿದ್ರೆ ಎಣ್ಣೆ ಬದಲು ಗಾಳಿ ಹೀರುತ್ತೆ, ಹಿಡಿಕೆ ಮೆತ್ತಗೆ ಸ್ಪಂಜಿನ ಹಾಗಾಗುತ್ತೆ. ಗಾಳಿ ಸೇರಿದೆ ಅನ್ನಿಸಿದ್ರೆ ವಾಲ್ವ್ ಸಡಿಲಿಸಿ ಖಾಲಿ ಹಿಡಿಕೆಯನ್ನ ಹತ್ತು ಹದಿನೈದು ಸಲ ಬೇಗ ಬೇಗ ಒತ್ತಿ, ಸರಿಹೋಗುತ್ತೆ. ಎಣ್ಣೆ ಎಲ್ಲಿಂದಲೋ ಜಿನುಗ್ತಾ ಇದ್ರೆ, ಒತ್ತಡ ಇರೋವಾಗ ಬೆರಳಿಟ್ಟು ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿಂದ ಬರೋ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ, ಕೈಯನ್ನೇ ಕಳ್ಕೊಂಡೋರಿದ್ದಾರೆ. ರಟ್ಟಿನ ತುಂಡು ಹಿಡಿದು ನೋಡಿ. ಕನ್ನಡಕ, ಕಾಲಿಗೆ ಬೂಟು, ದಂಡ ಚಲಿಸೋವಾಗ ಸೌದೆ ಮೇಲೆ ಕೈ ಇಲ್ಲ. ಟೀಚರಮ್ಮನ ದನಿ ಬಂತು ಅನ್ನಿಸಿದ್ರೆ ಅನ್ನಿಸಲಿ.

ಈಗ ಬೀದೀಲಿ ನಾಲ್ಕಾರು ಮನೆಯವರು ಕೇಳ್ಕೊಂಡು ಬರ್ತಾರೆ, ಅದರಲ್ಲಿ ಹೆಂಗಸರೇ ಹೆಚ್ಚು. ಮೊದಮೊದಲು ಗಂಡಸರು ಹೊತ್ಕೊಂಡು ಹೋಗೋಕೆ ಬರೋರು, ಈಗ ಅಕ್ಕ ತಂಗಿ ಇಬ್ಬರು ತರಕಾರಿ ತಳ್ಳೋ ಗಾಡೀಲಿ ಹಾಕ್ಕೊಂಡು ಹೋಗ್ತಾರೆ. ಅತ್ತೆ ಜಗಲಿ ಮೇಲೆ ಕೂತು ಯಾರ ಮನೆಗೆ ಹೋಯ್ತು ಅಂತ ಲೆಕ್ಕ ಇಡ್ತಾರೆ, ವಸೂಲಿ ಅಧಿಕಾರಿ ಅವರೇ. ಬಾಡಿಗೆ ಬೇಡ ಅಂದಿದ್ದೀನಿ. ಬಿಸಿಲಲ್ಲಿ ಬಿಡಬಾರದು, ಮಣ್ಣು ಒರೆಸಿ ತರಬೇಕು, ವಾಲ್ವ್ ಸಡಿಲಿಸಿ ದಂಡ ಪೂರ್ತಿ ಒಳಗೆ ಹೋಗಿರಬೇಕು. ಮತ್ತೆ, ಹುಣಸೆ ಗಂಟು ಸೀಳೋಕೆ ಅಂತ ಮಾತ್ರ ಯಾರೂ ಕೇಳಬೇಡಿ, ಕೊಡಲ್ಲ.